ಬೆಂಗಳೂರಿನ ರಸ್ತೆಯಲ್ಲಿ ಹಳೇ ಕಾರುಗಳನ್ನು ಗುರುತಿಸುವುದು ಹೇಗೆ?

ಬೆಂಗಳೂರಿನ ರಸ್ತೆಗಳಲ್ಲಿ ಹಳೆಯ, ಅಪರೂಪದ ಕಾರುಗಳು ಈಗಲೂ ಕಾಣಸಿಗುತ್ತವಾ, ಕಂಡರೆ ಗುರುತು ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತವೆ. ಆದರೆ ದುಬಾರಿ ಕಾರೇ ಅಪರೂಪದ್ದು ಅಂದುಕೊಳ್ಳಬೇಡಿ. ಭಾನುವಾರ ಬೆಳಿಗ್ಗೆ ಏರ್‌ಪೋರ್ಟ್ ರಸ್ತೆಗೆ ಹೋದರೆ ಪೋರ್ಷೆ, ಲ್ಯಾಂಬೋರ್ಗಿನಿ ಕಣ್ಣಿಗೆ ಬೀಳುತ್ತವೆ. ನಿಜಕ್ಕೂ ಮಾಯವಾಗಿರುವುದು ಒಂದು ಕಾಲಕ್ಕೆ ಸಾಮಾನ್ಯ ಜನ ಸಾಲ ಮಾಡಿ ಕೊಂಡ ಕಾರುಗಳು. ಅರಮನೆಯ ಕಾರನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಇವುಗಳನ್ನು ಸೀದಾ ಗುಜರಿಗೆ ಹಾಕಿಬಿಟ್ಟರು.

ನಾನು ಎಲ್ಲಕ್ಕಿಂತ ಜಾಸ್ತಿ ಹುಡುಕುವುದು ಸಿಪಾನಿ ಡಾಲ್ಫಿನ್. ನಮ್ಮ ಬೆಂಗಳೂರಿನಲ್ಲೇ 80ರ ದಶಕದಲ್ಲಿ ತಯಾರಾದ ಪುಟ್ಟ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿ ಎಂಜಿನ್, ಅಕ್ಕಪಕ್ಕ ಎರಡೇ ಬಾಗಿಲು, ಬಾಡಿ ಪೂರ್ತಿ ಫೈಬರ್. ಹತ್ತಿರ ಹೋಗಿ ಬಾಡಿಯನ್ನು ಗಮನಿಸಿ. ಪೆಟ್ಟು ಬಿದ್ದ ಕಡೆ ತಗಡಿನ ಹಾಗೆ ತಗ್ಗು ಬಿದ್ದಿರುವುದಿಲ್ಲ. ಬಣ್ಣದ ಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಹರಡಿರುತ್ತವೆ. ಬಾಗಿಲಿನ ಕೆಳಗೆ, ಚಕ್ರದ ಸುತ್ತ ಹಳೇ ಕಾರುಗಳಿಗೆ ತಪ್ಪದ ತುಕ್ಕು ಈ ಬಾಡಿಗೆ ಹಿಡಿಯುವುದೇ ಇಲ್ಲ. ಪಾಪ, 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರಲ್ಲಿ ಹಿಂದೆ ಕೂರುವವರಿಗೂ ಬಾಗಿಲಿತ್ತು. ಸಿಪಾನಿಯವರು ಆಮೇಲೆ ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಮಾರುತಿಯ ಮುಂದೆ ನಿಲ್ಲಲಿಲ್ಲ. ನಮ್ಮೂರಿನ ಕಾರು ನಮ್ಮೂರಲ್ಲೇ ಕಾಣದಂತಾಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ಆ ಮೊದಲ ಮಾರುತಿಯೂ ಈಗ ಅಪರೂಪವೇ. ಎಸ್‌ಎಸ್80 ಅನ್ನುತ್ತಾರೆ. 1986ರಲ್ಲಿ ಕಾರಿನ ಆಕಾರವೇ ಬದಲಾಯಿತು. ಅದಕ್ಕೂ ಮುಂಚಿನದು ಇನ್ನೂ ಚೌಕ, ಡಬ್ಬಿಯ ಆಕಾರ. 'ಓ, 800' ಅಂತ ಸುಮ್ನೆ ಮುಂದೆ ಹೋಗಬೇಡಿ, ಒಂದು ಸಲ ತಿರುಗಿ ನೋಡಿ.

ಅಂಬಾಸಡರ್‌ಗಳೆಲ್ಲ ಒಂದೇ ಥರ ಕಾಣುತ್ತವೆ ಅಲ್ವಾ? 50ರ ದಶಕದ ಕೊನೆಯಿಂದ 2014ರವರೆಗೂ ತಯಾರಾದ ಕಾರು ಅದು. ಮುಂದಿನ ಜಾಲರಿ ನೋಡಿದರೆ ಕಾಲ ಗೊತ್ತಾಗುತ್ತದೆ. ಸಣ್ಣ ಚೌಕಳಿ ಇದ್ದರೆ ಮಾರ್ಕ್ 2, ಅಡ್ಡ ಪಟ್ಟಿಗಳಿದ್ದರೆ ಮಾರ್ಕ್ 3, ದೊಡ್ಡ ಚೌಕಳಿಯ ಜೊತೆ ಚೌಕ ಪಾರ್ಕಿಂಗ್ ದೀಪ ಇದ್ದರೆ ಮಾರ್ಕ್ 4. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೆಟ್ಟು ನಿಂತಾಗಲೇ ಚೆನ್ನಾಗಿ ಗುರುತು ಸಿಗುತ್ತದೆ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಎಂಜಿನ್ ಪಕ್ಕದಲ್ಲೇ ನಿಂತು ಕೆಲಸ ಮಾಡಬಹುದು. ಇವತ್ತಿನ ಮೆಕ್ಯಾನಿಕ್‌ಗಳಿಗೆ ಆ ಸುಖ ಇಲ್ಲ.

ನಂಬರ್ ಪ್ಲೇಟನ್ನೂ ಓದಿ. ಕೆಎ 01 ಥರದ ನಂಬರ್ ಶುರುವಾಗಿದ್ದು 1989ರಲ್ಲಿ. ಅದಕ್ಕೂ ಮುಂಚೆ ಎಂವೈ, ಸಿಎ ಅಂತ ಶುರುವಾಗುವ ಮೂರು ಅಕ್ಷರ ಇರುತ್ತಿದ್ದವು. ಎಂವೈ ಬಂದದ್ದು ಮೈಸೂರು ರಾಜ್ಯದ ಹೆಸರಿನಿಂದ. ಹಾಗಂತ ಕೆಎ ಇದ್ದರೆ ಹಳೇ ಕಾರಲ್ಲ ಅನ್ನೋ ಹಾಗಿಲ್ಲ, ಬೇರೆ ರಾಜ್ಯದಿಂದ ತಂದು ಇಲ್ಲಿ ಮತ್ತೆ ನೋಂದಣಿ ಮಾಡಿಸಿರಬಹುದು. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಅಕ್ಷರವಿರುವ ವಿಂಟೇಜ್ ನಂಬರ್ ಪಡೆಯಬಹುದು. ಅಂಥ ಕಾರನ್ನು ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕಷ್ಟೇ ಹೊರಗೆ ತರಬಹುದು.

ಎಲ್ಲಿ ನೋಡಬೇಕು? ಬಸವನಗುಡಿ, ಮಲ್ಲೇಶ್ವರ, ಕುಕ್ ಟೌನ್ ಕಡೆ ಭಾನುವಾರ ಬೆಳಿಗ್ಗೆ ಬೇಗ ನಡೆದುಕೊಂಡೇ ಹೋಗಿ. ಹಳೇ ಮನೆಗಳವರು ವಾರಕ್ಕೊಮ್ಮೆ ಬ್ಯಾಟರಿ ಇಳಿಯದಿರಲಿ ಅಂತ ಒಂದು ಸುತ್ತು ಓಡಿಸಿ ತರುವ ಹೊತ್ತು ಅದು. ಬಿಡಿಭಾಗ ಹುಡುಕಿಕೊಂಡು ಬರುವವರ ಕಾರುಗಳು ಜೆ.ಸಿ. ರಸ್ತೆ, ಶಿವಾಜಿನಗರದ ಹತ್ತಿರವೂ ಸಿಗುತ್ತವೆ.

ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. 'ಯಾವ ವರ್ಷದ್ದು ಸಾರ್?' ಅಂದರೆ ಸಾಕು, ಮಾಲೀಕರು ತಾವೇ ಬಾನೆಟ್ ಎತ್ತಿ ತೋರಿಸುತ್ತಾರೆ. ಹೊರಡುವಾಗ ಯಾವ ಮೆಕ್ಯಾನಿಕ್ ಹತ್ತಿರ ಬಿಡುತ್ತಾರೆ ಅಂತ ಮರೆಯದೆ ಕೇಳಿ. ಆ ಗ್ಯಾರೇಜಿಗೆ ಹೋದರೆ ಅಂಥವೇ ಇನ್ನೂ ಮೂರು ನಾಲ್ಕು ನಿಂತಿರುತ್ತವೆ.