ಕೊಲಂಬಸ್‌ನಲ್ಲಿ ಈ ವಾರ ‘ಎಂ’ ಅಕ್ಷರಗಳ ಮೇಲೆಲ್ಲ ಕೆಂಪು ಟೇಪ್ ಯಾಕೆ ಅಂಟಿಸಿದ್ದಾರೆ?

ನೀವು ಆಗಸ್ಟ್‌ನಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿರುವ ಓಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಎಂ.ಎಸ್. ಮಾಡಲು ಬಂದವರು. ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಇಂಗ್ಲಿಷಿನ ‘ಎಂ’ ಇರುವ ಕಡೆಯೆಲ್ಲ ಕೆಂಪು ಟೇಪ್ ನೋಡಿ ಗಾಬರಿಯಾಗಿದ್ದೀರಿ. 2025ರ ನವೆಂಬರ್ 29ರ ಶನಿವಾರ ಪಕ್ಕದ ರಾಜ್ಯದ ಮಿಷಿಗನ್ ಯೂನಿವರ್ಸಿಟಿ ಜೊತೆಗಿನ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ನೋಡೋಕೆ ಬಾ ಅಂತ ಲ್ಯಾಬಿನವರೊಬ್ಬರು ಮನೆಗೆ ಕರೆದಿದ್ದಾರೆ. ಒಂದು ಕಾಲೇಜು ಮ್ಯಾಚಿಗೆ ಇಷ್ಟೊಂದು ಯಾಕೆ, ಆಟವೇ ಗೊತ್ತಿಲ್ಲದ ನಾನು ಹೋಗಲಾ ಬೇಡವಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ನಾನೂ 2008ರಲ್ಲಿ ಹಾಗೇ ಬಂದವನು. ಈ ಊರು ನನಗೆ ಊರು ಅನ್ನಿಸಿದ್ದು ಈ ಮ್ಯಾಚಿನಿಂದಲೇ.

ಈ ಜಗಳ ಫುಟ್‌ಬಾಲಿಗಿಂತ ಹಳೆಯದು. ಮೂಲದಲ್ಲಿ ಇದು ಗಡಿ ತಕರಾರು. 1835ರಲ್ಲಿ ಓಹಾಯೊ ಆಗಲೇ ರಾಜ್ಯವಾಗಿತ್ತು, ಮಿಷಿಗನ್ ಇನ್ನೂ ಆಗಬೇಕಿತ್ತು. ಮಿಷಿಗನ್ ಸರೋವರದ ದಕ್ಷಿಣ ತುದಿ ಎಲ್ಲಿದೆ ಅನ್ನುವುದನ್ನು ಹಳೆಯ ನಕ್ಷೆಯಲ್ಲಿ ತಪ್ಪಾಗಿ ಬರೆದಿದ್ದರು. ಹಾಗಾಗಿ ಟೊಲೀಡೊ ಊರಿರುವ ಒಂದು ನೆಲದ ಪಟ್ಟಿ ಯಾರದು ಅಂತ ಗೊಂದಲ. ಎರಡೂ ಕಡೆಯವರು ಬಂದೂಕು ಹಿಡಿದ ಜನರನ್ನು ಗಡಿಗೆ ಕಳಿಸಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೊನೆಗೆ ಟೊಲೀಡೊ ಓಹಾಯೊಗೆ ಬಂತು. ಮಿಷಿಗನ್‌ಗೆ ಬದಲಿಯಾಗಿ ಉತ್ತರದ ದೊಡ್ಡ ಕಾಡು ನೆಲ ಸಿಕ್ಕಿತು, 1837ರಲ್ಲಿ ರಾಜ್ಯದ ಸ್ಥಾನವೂ ಸಿಕ್ಕಿತು. ಆ ಕಾಡಿನಲ್ಲಿ ಆಮೇಲೆ ತಾಮ್ರ, ಕಬ್ಬಿಣ ಎರಡೂ ಸಿಕ್ಕಿದವು. ಬೆಳಗಾವಿಯ ಮಾತು ಕೇಳಿ ಬೆಳೆದ ನಮಗೆ ಗಡಿ ಅಂದರೆ ಎಷ್ಟು ಬಿಸಿ ಅಂತ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಮೊದಲ ಮ್ಯಾಚ್ ನಡೆದದ್ದು 1897ರಲ್ಲಿ, ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಲ್ಲಿ. ಮಿಷಿಗನ್ 34–0ರಿಂದ ಗೆದ್ದಿತು. 1918ರಿಂದ ಪ್ರತಿ ವರ್ಷ ತಪ್ಪದೆ ಆಡಿದ್ದಾರೆ. ತಪ್ಪಿದ್ದು ಒಂದೇ ಸಲ, ಕೋವಿಡ್ ಕಾಲದ 2020ರಲ್ಲಿ. ಒಟ್ಟು ಲೆಕ್ಕದಲ್ಲಿ ಮಿಷಿಗನ್ ಇನ್ನೂ ಮುಂದಿದೆ. ಈ ಮಾತನ್ನು ಶನಿವಾರ ಆ ಮನೆಯಲ್ಲಿ ಎತ್ತಬೇಡಿ.

ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಇಷ್ಟು ತಿಳಿದರೆ ಸಾಕು. ಚೆಂಡು ಇಟ್ಟುಕೊಂಡ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ಇದಕ್ಕೆ ಫಸ್ಟ್ ಡೌನ್ ಅನ್ನುತ್ತಾರೆ. ಆಗದಿದ್ದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ನಾಲ್ಕನೇ ಅವಕಾಶದಲ್ಲಿ ಚೆಂಡನ್ನು ದೂರ ಒದ್ದು ಕೊಟ್ಟುಬಿಡುತ್ತಾರೆ.

ಈಗ 1950ರ ಕತೆ ಹೇಳುತ್ತೇನೆ. ಅವತ್ತು ಇಲ್ಲಿ ಭಾರೀ ಹಿಮಗಾಳಿ. ಮೈದಾನದ ಗೆರೆಗಳೇ ಕಾಣುತ್ತಿರಲಿಲ್ಲ. ಚೆಂಡು ಹಿಡಿಯಲಾಗದೆ ಎರಡೂ ತಂಡ ಬರೀ ಒದೆಯುತ್ತಲೇ ಇದ್ದವು, ಒಟ್ಟು 45 ಸಲ! ಮಿಷಿಗನ್‌ಗೆ ಇಡೀ ಮ್ಯಾಚಿನಲ್ಲಿ ಒಂದು ಫಸ್ಟ್ ಡೌನ್ ಕೂಡ ಬರಲಿಲ್ಲ. ಆದರೂ ಎದುರಾಳಿ ಒದ್ದ ಚೆಂಡನ್ನು ಅಡ್ಡಗಟ್ಟಿ ಅಂಕ ಮಾಡಿ 9–3ರಿಂದ ಗೆದ್ದಿತು. ಆ ಸೋಲಿನ ನಂತರ ಓಹಾಯೊ ಸ್ಟೇಟ್ ಕೋಚ್ ಕೆಲಸ ಬಿಟ್ಟರು. ಅವರ ಜಾಗಕ್ಕೆ 1951ರಲ್ಲಿ ಬಂದವರು ವುಡಿ ಹೇಯ್ಸ್.

ವುಡಿ ಹೆಸರನ್ನು ಇಲ್ಲಿ ಇವತ್ತಿಗೂ ಮನೆಯ ಹಿರಿಯರ ಹೆಸರಿನಂತೆ ಹೇಳುತ್ತಾರೆ. ಅವರು ಮಿಷಿಗನ್ ಅಂತ ಬಾಯಿ ಬಿಟ್ಟು ಹೇಳುತ್ತಿರಲಿಲ್ಲವಂತೆ. ‘ಉತ್ತರದ ಆ ಟೀಮು’ ಅನ್ನುವ ಮಾತು ಅವರ ಕಾಲದಿಂದ ಬಂದದ್ದು. ಈಗ ‘ಎಂ’ ಅಕ್ಷರ ಮುಚ್ಚುವುದೂ ಅದೇ ಹಟ. 1969ರಲ್ಲಿ ವುಡಿ ತಂಡ 22 ಮ್ಯಾಚ್ ಸತತವಾಗಿ ಗೆದ್ದು ಆನ್ ಆರ್ಬರ್‌ಗೆ ಹೋಯಿತು. ಎದುರು ಮಿಷಿಗನ್‌ಗೆ ಹೊಸದಾಗಿ ಬಂದ ಕೋಚ್ ಬೊ ಶೆಂಬೆಕ್ಲರ್. ಇವರು ವುಡಿ ಕೈಯಲ್ಲೇ ಆಡಿದವರು, ಅವರ ಸಹಾಯಕರಾಗಿ ಇಲ್ಲೇ ಕೆಲಸ ಮಾಡಿದವರು. ಶಿಷ್ಯ 24–12ರಿಂದ ಗುರುವನ್ನು ಸೋಲಿಸಿಬಿಟ್ಟರು. ಅಲ್ಲಿಂದ 1978ರವರೆಗೆ ಇಬ್ಬರೂ ಹತ್ತು ಸಲ ಎದುರಾದರು. ಬೊ ಐದು ಗೆದ್ದರು, ವುಡಿ ನಾಲ್ಕು, ಒಂದು ಸಮ. 2006ರಲ್ಲಿ ದೇಶದ ಒಂದನೇ ಮತ್ತು ಎರಡನೇ ರ‍್ಯಾಂಕಿನ ತಂಡಗಳಾಗಿ ಇವೆರಡೂ ಎದುರಾದವು. ಆ ಮ್ಯಾಚಿನ ಹಿಂದಿನ ದಿನವೇ ಬೊ ತೀರಿಕೊಂಡರು. ಮರುದಿನ ನಮ್ಮ ಸ್ಟೇಡಿಯಂನಲ್ಲಿ ಅವರಿಗಾಗಿ ಲಕ್ಷ ಜನ ಮೌನವಾಗಿ ನಿಂತರಂತೆ. ಈ ಜಿದ್ದಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ನಾನು ಕಣ್ಣಾರೆ ನೋಡಿದ್ದು 2016ರದ್ದು. ಹೇಗೋ ಒಂದು ಟಿಕೆಟ್ ಸಿಕ್ಕಿತ್ತು. ಮ್ಯಾಚ್ ಸಮವಾಗಿ ಎರಡನೇ ಓವರ್‌ಟೈಮಿಗೆ ಹೋಯಿತು. ಮಿಷಿಗನ್ 3 ಅಂಕ ಮುಂದೆ. ನಮಗೆ ನಾಲ್ಕನೇ ಅವಕಾಶ, ಬೇಕಾದದ್ದು ಒಂದೇ ಗಜ. ನಮ್ಮ ಆಟಗಾರ ಜೆ.ಟಿ. ಬ್ಯಾರೆಟ್ ಚೆಂಡು ಅವಚಿಕೊಂಡು ನುಗ್ಗಿದರು, ಗೆರೆಯ ಹತ್ತಿರ ಬಿದ್ದರು. ಮುಟ್ಟಿತಾ, ಇಲ್ಲವಾ? ರೀಪ್ಲೇ ನೋಡುವವರೆಗೆ ಅಷ್ಟು ದೊಡ್ಡ ಸ್ಟೇಡಿಯಂ ಉಸಿರು ಹಿಡಿದಿತ್ತು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಗುರುತು ಪರಿಚಯ ಇಲ್ಲದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮುಟ್ಟಿದೆ ಅಂದರು. ಮುಂದಿನ ಓಟಕ್ಕೇ ಕರ್ಟಿಸ್ ಸ್ಯಾಮ್ಯುಯೆಲ್ 15 ಗಜ ಓಡಿ ಕೊನೆಯ ಗೆರೆ ದಾಟಿ ಮ್ಯಾಚ್ ಮುಗಿಸಿದರು. 30–27. ಅಜ್ಜಿ ಅಳುತ್ತಿದ್ದರು. ನಾನೂ ಅತ್ತೆ. ಆ ಒಂದು ಗಜ ಆಗಿರಲಿಲ್ಲ ಅಂತ ಮಿಷಿಗನ್‌ನವರು ಇವತ್ತಿಗೂ ವಾದಿಸುತ್ತಾರೆ.

ನಾನು ಬಂದಮೇಲೆ 2019ರವರೆಗೆ 2011 ಒಂದನ್ನು ಬಿಟ್ಟರೆ ಸೋಲೇ ನೋಡಿರಲಿಲ್ಲ. 2021ರಿಂದ ಎಲ್ಲ ತಿರುಗುಮುರುಗಾಯಿತು. ಸತತ ನಾಲ್ಕು ಸೋಲು. ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಹೋದ ವರ್ಷದ್ದು, 2024ರದ್ದು. ಮಿಷಿಗನ್ ಆ ವರ್ಷ ಅಷ್ಟೇನೂ ಚೆನ್ನಾಗಿ ಆಡಿರಲಿಲ್ಲ. ನಾವು ಸುಲಭವಾಗಿ ಗೆಲ್ಲುತ್ತೇವೆ ಅಂತ ಎಲ್ಲರ ಲೆಕ್ಕ. ನಮ್ಮ ನೆಲದಲ್ಲೇ 13–10ಕ್ಕೆ ಸೋತೆವು. ಗೆದ್ದವರು ತಮ್ಮ ಬಾವುಟವನ್ನು ನಮ್ಮ ಮೈದಾನದ ನಡುವೆ ನೆಡಲು ಹೋದರು, ಕೈ ಕೈ ಮಿಲಾಯಿಸಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಆ ಹುಡುಗರೆಲ್ಲ ನಿಮ್ಮ ವಯಸ್ಸಿನವರು. ನನಗೆ ನೋಡಲಾಗಲಿಲ್ಲ.

ಇದರ ಮುಂದಿನ ಭಾಗ ಕೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅವತ್ತು ಸೋತ ನಮ್ಮ ತಂಡವೇ 2025ರ ಜನವರಿಯಲ್ಲಿ ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ಇಡೀ ದೇಶದ ಚಾಂಪಿಯನ್ ಆಯಿತು. ಊರೆಲ್ಲ ಹಬ್ಬ. ಮರುದಿನ ಪಕ್ಕದ ಮನೆಯ ಹಿರಿಯರಿಗೆ ಶುಭಾಶಯ ಹೇಳಲು ಹೋದೆ. ಎಂಬತ್ತು ದಾಟಿದವರು. ನನ್ನನ್ನು ತಬ್ಬಿಕೊಂಡರು. ಆಮೇಲೆ ಮೆಲ್ಲಗೆ, “ಅವತ್ತು ಮಿಷಿಗನ್‌ನೂ ಸೋಲಿಸಿದ್ದರೆ...” ಅಂದು ಸುಮ್ಮನಾದರು. ಚಾಂಪಿಯನ್ ಪಟ್ಟ ಒಂದು ಲೆಕ್ಕ, ಈ ಮ್ಯಾಚ್ ಬೇರೆಯೇ ಲೆಕ್ಕ. ಈ ಮ್ಯಾಚಿನ ಸಾಲವನ್ನು ಆ ಪಟ್ಟ ತೀರಿಸುವುದಿಲ್ಲ. ಕೋಚ್ ರಯಾನ್ ಡೇ ಅವರಿಗೂ ಇದೇ ಲೆಕ್ಕ. 2025ರಲ್ಲಿ ಈ ಮ್ಯಾಚಿನವರೆಗೆ ನಮ್ಮ ತಂಡ ಒಂದೂ ಸೋತಿಲ್ಲ, ಒಂದನೇ ರ‍್ಯಾಂಕ್. ಆದರೂ ಈ ವಾರ ಕಚೇರಿಯಲ್ಲಿ ಯಾರೂ ಜಂಬದ ಮಾತಾಡುತ್ತಿಲ್ಲ.

ಇನ್ನೊಂದು ಜಿದ್ದು ಇದೆ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 1982ರಿಂದ ಪ್ರತಿ ವರ್ಷ ಮ್ಯಾಚಿಗೆ ಮುಂಚೆ ಎರಡೂ ಯೂನಿವರ್ಸಿಟಿಗಳ ನಡುವೆ ರಕ್ತದಾನದ ಪೈಪೋಟಿ ನಡೆಯುತ್ತದೆ. ನಾನು ಆಡಲಾರೆ, ಕೂಗಿದರೆ ಟಿವಿ ಒಳಗೆ ಕೇಳುವುದೂ ಇಲ್ಲ. ಆದರೆ ಇದನ್ನು ಕೊಡಬಲ್ಲೆ. ಮುಂದಿನ ವರ್ಷ ನೀವೂ ಬನ್ನಿ.

ಶನಿವಾರ ನೀಲಿ, ಹಳದಿ ಬಟ್ಟೆ ಬೇಡ. ಕೆಂಪು ಇದ್ದರೆ ಒಳ್ಳೆಯದು, ಬೂದು ಬಣ್ಣವೂ ನಡೆಯುತ್ತದೆ. ಸಸ್ಯಾಹಾರಿಯಾಗಿದ್ದರೆ ಮೊದಲೇ ಹೇಳಿಬಿಡಿ, ಇಲ್ಲಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಚಾಕೊಲೇಟ್ ಮೆತ್ತಿದ ಕಡಲೆಕಾಯಿ ಬೆಣ್ಣೆಯ ಉಂಡೆ ಕೊಡುತ್ತಾರೆ. ಅದರ ಹೆಸರು ಬಕ್ಐ, ನಮ್ಮ ತಂಡದ ಹೆಸರೂ ಅದೇ. ತಪ್ಪದೆ ತಿನ್ನಿ. ನಾನು ಪ್ರತಿ ಸಲ ಒಂದು ಡಬ್ಬಿ ಖಾರದ ಅವಲಕ್ಕಿ ಒಯ್ಯುತ್ತೇನೆ, ಅರ್ಧ ಆಟಕ್ಕೆ ಮುಂಚೆ ಖಾಲಿಯಾಗಿರುತ್ತದೆ. ಸೋತರೆ “ಬಿಡಿ, ಆಟ ತಾನೆ” ಅಂತ ಮಾತ್ರ ಅನ್ನಬೇಡಿ. ಪಕ್ಕದಲ್ಲಿ ಸುಮ್ನೆ ಕೂತಿರಿ, ಅಷ್ಟು ಸಾಕು.

ಆನ್ ಆರ್ಬರ್‌ನಲ್ಲಿ ಮಧ್ಯಾಹ್ನ 12ಕ್ಕೆ ಶುರು. ಹನ್ನೊಂದೂವರೆಗೇ ಲ್ಯಾಬಿನವರ ಮನೆಯಲ್ಲಿರಿ. ನಾನು ನನ್ನ ಪಕ್ಕದ ಮನೆಯ ಆ ಹಿರಿಯರ ಜೊತೆ ಇರುತ್ತೇನೆ, ಅವರ ಸೋಫಾದ ಎಡಗಡೆ. 2016ರಿಂದ ಅದೇ ಕೆಂಪು ಟೋಪಿ ಹಾಕಿಕೊಳ್ಳುತ್ತೇನೆ.