ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರಾ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರ: "ಬ್ರಾಯ್ಲರ್ ಸಾಕಣೆ ಬಗ್ಗೆ ನಿಮ್ಮ ಲೇಖನಮಾಲೆ ಮೊದಲಿಂದಲೂ ಓದ್ತಿದೀನಿ, ತುಂಬಾ ಬೇಜಾರಾಗಿದೆ. ನಲವತ್ತು ದಿನಕ್ಕೆ ಒಂದು ಮರಿ ಎರಡು ಕೆಜಿ ದಾಟುತ್ತೆ ಅಂದ್ರೆ ಅದು ಹಾರ್ಮೋನ್ ಇಂಜೆಕ್ಷನ್ ಇಲ್ಲದೆ ಆಗೋ ಮಾತಲ್ಲ. ಇದು ಎಲ್ಲರಿಗೂ ಗೊತ್ತು, ನೀವು ಮಾತ್ರ ಬರೆಯಲ್ಲ. ನನ್ನ ತಮ್ಮ ಒಂದು ಕಂಪನಿ ಜೊತೆ ಸೇರ್ಕೊಂಡು ಐದು ಸಾವಿರ ಕೋಳಿಯ ಶೆಡ್ ಹಾಕೋಕೆ ಹೊರಟಿದಾನೆ. ನಾನು ಬೇಡ ಅಂತಿದೀನಿ, ಸಾಕೋದಾದ್ರೆ ನಾಟಿ ಕೋಳಿ ಸಾಕು ಅಂತಿದೀನಿ. ದಯವಿಟ್ಟು ಇಂಥದಕ್ಕೆ ಪ್ರಚಾರ ಕೊಡಬೇಡಿ."

ಮೇಡಂ, ನಿಮ್ಮ ಪತ್ರಾನ ಆಫೀಸಲ್ಲಿ ಎಲ್ಲರಿಗೂ ಓದಿಸಿದೆ. ತಮ್ಮನ ಮೇಲಿನ ಕಾಳಜಿ ಅದರ ಪ್ರತಿ ಸಾಲಲ್ಲೂ ಕಾಣುತ್ತೆ, ಮುಚ್ಚುಮರೆ ಇಲ್ಲದೆ ಬರೆದಿದೀರಿ, ಅದಕ್ಕೆ ಥ್ಯಾಂಕ್ಸ್. ನಾಟಿ ಕೋಳಿ ವಿಷಯಾನೂ ಒಪ್ಪಿದೆ, ಅದು ಗಟ್ಟಿ ಜೀವ, ತನ್ನ ಮೇವನ್ನ ತಾನೇ ಹುಡುಕ್ಕೊಳ್ಳುತ್ತೆ, ಸಾಕೋರಿಗೆ ನನ್ನ ಗೌರವ ಇದ್ದೇ ಇದೆ. ಆದ್ರೆ "ಎಲ್ಲರಿಗೂ ಗೊತ್ತು" ಅಂತ ಒಂದು ಸಾಲು ಬರೆದಿದೀರಲ್ಲ, ಅದನ್ನ ಮಾತ್ರ ನಾನು ಹಾಗೇ ಬಿಡೋಕಾಗಲ್ಲ. ಇದೇ ಮಾತಿರೋ ಪತ್ರ ಪ್ರತಿ ವರ್ಷ ಬರುತ್ತೆ, ಫಾರ್ವರ್ಡ್ ಆದ ವಿಡಿಯೋ ಬರುತ್ತೆ, ಆದ್ರೆ ಆ ಹಾರ್ಮೋನ್ ಹೆಸರೇನು, ಯಾವ ಬಾಟಲಿ, ಎಷ್ಟು ಡೋಸು, ಯಾರು ಹಾಕಿದ್ದು ಅಂತ ಬರೆದೋರು ಇವತ್ತಿನವರೆಗೆ ಒಬ್ಬರೂ ಇಲ್ಲ.

ಸುಮ್ನೆ ಲೆಕ್ಕ ಹಾಕಿ ನೋಡಿ. ಬೆಳವಣಿಗೆಯ ಹಾರ್ಮೋನ್ ಅನ್ನೋದು ಒಂದು ಪ್ರೋಟೀನು. ಮೇವಲ್ಲಿ ಬೆರೆಸಿದ್ರೆ ಬೇರೆ ಪ್ರೋಟೀನ್ ಥರಾನೇ ಹೊಟ್ಟೇಲಿ ಜೀರ್ಣ ಆಗಿ ಮುಗಿದುಹೋಗುತ್ತೆ. ಹಂಗಾಗಿ ಚುಚ್ಚಲೇಬೇಕು, ಅದೂ ಒಂದು ಸಲ ಅಲ್ಲ, ರಕ್ತದಲ್ಲಿ ಅದು ಬೇಗ ಕರಗಿಹೋಗುತ್ತೆ ಅಂತ ದಿನಕ್ಕೆ ಹಲವು ಸಲ. ಐದು ಸಾವಿರ ಕೋಳೀನ ದಿನಾ ಹಿಡಿದು ಹಿಡಿದು ಚುಚ್ಚೋಕೆ ಎಷ್ಟು ಜನ ಬೇಕು? ಹಿಡಿಯೋಕೆ ಹೋದ್ರೇನೇ ಹೆದರಿ ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯ್ತವೆ. ಇಷ್ಟೆಲ್ಲಾ ಮಾಡಿದ್ರೂ ಲಾಭ ಇಲ್ಲ, ಪ್ರಯೋಗಾಲಯಗಳಲ್ಲಿ ಕೋಳಿಯ ಬೆಳವಣಿಗೆ ಹಾರ್ಮೋನನ್ನೇ ಕೊಟ್ಟು ನೋಡಿದಾಗ ಬ್ರಾಯ್ಲರ್ ಹೇಳಿಕೊಳ್ಳೋ ಅಷ್ಟು ಜಾಸ್ತಿ ಬೆಳೆಯಲಿಲ್ಲ.

ಹಾಗಾದ್ರೆ ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಅಂತ ಕೇಳಬಹುದು. ಬೆಂಕಿ ಇತ್ತು, ನಿಜ. ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಅನ್ನೋ ಕೃತಕ ಈಸ್ಟ್ರೋಜನ್ ಗುಳಿಗೇನ ಹುಂಜಗಳ ಕುತ್ತಿಗೆ ಚರ್ಮದ ಕೆಳಗೆ ಇಡ್ತಿದ್ರು, ಕೊಬ್ಬು ಕಟ್ಟಲಿ ಅಂತ. 1959ರಲ್ಲಿ ಕೋಳಿಗೆ ಅದನ್ನ ನಿಲ್ಲಿಸಿದ್ರು. ಆ ಗುಳಿಗೆ ಹೋಗಿ ಅರವತ್ತು ವರ್ಷದ ಮೇಲಾಯ್ತು, ಕಥೆ ಮಾತ್ರ ಇನ್ನೂ ಓಡಾಡ್ತಿದೆ. ಇನ್ನು ವಿಡಿಯೋದಲ್ಲಿ ಕಾಣೋ ಸೂಜಿ ಇದೆಯಲ್ಲ, ಅದು ಹ್ಯಾಚರಿಯಲ್ಲಿ, ಅಂದ್ರೆ ಮೊಟ್ಟೆಯಿಂದ ಮರಿ ಮಾಡಿಸೋ ಜಾಗದಲ್ಲಿ, ಒಂದು ದಿನದ ಮರಿಗೆ ಕುತ್ತಿಗೆ ಚರ್ಮದಡಿ ಹಾಕೋ ಲಸಿಕೆ. ಶೆಡ್ಡಿಗೆ ಬಂದ ಮೇಲೆ ಹಾಕೋ ಲಸಿಕೆಗಳಲ್ಲಿ ಹೆಚ್ಚಿನವಕ್ಕೆ ಸೂಜೀನೂ ಇಲ್ಲ, ಮೊದಲ ವಾರ ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಾರಲ್ಲ, ಅದಕ್ಕೆ) ಕಣ್ಣಿಗೊಂದು ಹನಿ, ಎರಡನೇ ವಾರ ಗಂಬೋರೋ ಅನ್ನೋ ಇನ್ನೊಂದು ರೋಗಕ್ಕೆ ಕುಡಿಯೋ ನೀರಲ್ಲಿ, ಅದಕ್ಕೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ ಬೆರೆಸ್ತಾರೆ, ನೀರಿನ ಕ್ಲೋರಿನ್ ಲಸಿಕೇನ ಸಾಯಿಸಬಾರದು ಅಂತ.

ಮತ್ತೆ ಆ ತೂಕ ಎಲ್ಲಿಂದ ಬಂತು? ತಳಿಯಿಂದ ಮೇಡಂ, ಮುಖ್ಯವಾಗಿ ತಳಿಯಿಂದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದೋರು ಮಾಡಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಯಾರು ಹಾರ್ಮೋನ್ ಅಂದ್ರೂ ನಾನು ಅದನ್ನೇ ಮುಂದಿಡೋದು. 1957ರಿಂದ ಬದಲಾಯಿಸದೆ ಉಳಿಸ್ಕೊಂಡು ಬಂದ ತಳಿ, 1978ರದ್ದು ಇನ್ನೊಂದು, 2005ರ ವಾಣಿಜ್ಯ ತಳಿ, ಮೂರನ್ನೂ ಒಂದೇ ಥರದ ಮೇವು ಕೊಟ್ಟು ಬೆಳೆಸಿದ್ರು. 56ನೇ ದಿನಕ್ಕೆ ಮೊದಲನೇದು 905 ಗ್ರಾಂ, ಎರಡನೇದು 1,808 ಗ್ರಾಂ, ಮೂರನೇದು 4,202 ಗ್ರಾಂ. ಮೇವು ಅದೇ, ದಿನಾನೂ ಅವೇ. ಬೇರೆ ಇದ್ದಿದ್ದು ರಕ್ತ ಮಾತ್ರ.

ಆ ರಕ್ತದ ಹಿಂದೆ ದೊಡ್ಡ ಚರಿತ್ರೆ ಇದೆ, ನಮ್ಮ ಜನ ಓದೋದೇ ಇಲ್ಲ. ಮಾಂಸಕ್ಕೇ ಅಂತ ಕೋಳಿ ಸಾಕೋ ದಂಧೆ ಶುರುವಾಗಿದ್ದನ್ನ ಹೇಳುವಾಗ ಎಲ್ಲರೂ ನೆನೆಯೋದು ಒಬ್ಬ ಹೆಣ್ಣುಮಗಳನ್ನ, ಅಮೆರಿಕದ ಡೆಲವೇರ್ ರಾಜ್ಯದ ಓಷನ್ ವ್ಯೂ ಊರಿನ ಸೆಸಿಲ್ ಸ್ಟೀಲ್. 1923ರಲ್ಲಿ ಮೊಟ್ಟೆಗೆ ಅಂತ 50 ಮರಿ ಬೇಕು ಅಂದ್ರೆ ಹ್ಯಾಚರಿಯೋರು ತಪ್ಪಿ 500 ಕಳಿಸಿದ್ರು. ಆಕೆ ವಾಪಸ್ ಕಳಿಸಲಿಲ್ಲ, ಸಾಕಿ ಮಾಂಸಕ್ಕೆ ಮಾರಿದ್ಲು, ಮೂರೇ ವರ್ಷಕ್ಕೆ ಹತ್ತು ಸಾವಿರ ಕೋಳಿ ಹಿಡಿಸೋ ಶೆಡ್ ಕಟ್ಟಿಸಿದ್ಲು. ಆ ಹೊತ್ತಿಗೇ ವಿಟಮಿನ್ ಡಿ ವಿಷಯ ಗೊತ್ತಾಗಿತ್ತು, ಅದಿಲ್ಲದೆ ಬಿಸಿಲು ಕಾಣದ ಶೆಡ್ಡಲ್ಲಿ ಮರಿಗಳ ಕಾಲು ಸೊಟ್ಟ ಆಗ್ತಿತ್ತು, ಮೀನೆಣ್ಣೆ ಬೆರೆಸೋಕೆ ಶುರು ಮಾಡಿದ ಮೇಲೇ ಚಳಿಗಾಲದಲ್ಲೂ ಒಳಗೆ ಸಾಕೋಕೆ ಆಗಿದ್ದು. ಆಮೇಲೆ ಒಂದು ದೊಡ್ಡ ಸ್ಪರ್ಧೆ ನಡೀತು, "ನಾಳೆಯ ಕೋಳಿ" ಅಂತ, 1948ರ ಫೈನಲ್ ಅದೇ ಡೆಲವೇರಲ್ಲಿ. ಎದೆ ಅಗಲ ಇರಬೇಕು, ಬೇಗ ಬೆಳೀಬೇಕು, ತಿಂದಿದ್ದು ಮೈಗೆ ಹತ್ತಬೇಕು ಅಂತ ಲೆಕ್ಕ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿ ಕೂಡಿಸಿ ಗೆದ್ದ. ಅಲ್ಲಿಂದ ಇಲ್ಲಿವರೆಗೆ ತಲೆಮಾರಿನ ಮೇಲೆ ತಲೆಮಾರು ತೂಕ ನೋಡಿ, ಮೇವಿನ ಲೆಕ್ಕ ನೋಡಿ, ಆರಿಸಿ ಆರಿಸಿ ಕೂಡಿಸಿದಾರೆ. ಅದೇ ಕಾರಣಕ್ಕೆ ಇವತ್ತು ಒಂದು ಕೆಜಿ ತೂಕ ಬರೋಕೆ ಒಂದೂವರೆ ಕೆಜಿ ಆಸುಪಾಸು ಮೇವು ಸಾಕಾಗುತ್ತೆ.

ಆದ್ರೆ ತಳಿ ಕೊಟ್ಟ ಮಾತ್ರಕ್ಕೆ ಕೋಳಿ ಬೆಳೆಯಲ್ಲ, ಇದನ್ನ ನಿಮಗೆ ಒತ್ತಿ ಹೇಳಬೇಕು ಯಾಕಂದ್ರೆ ನಿಮ್ಮ ತಮ್ಮ ಮಾಡೋಕೆ ಹೊರಟಿರೋದು ಇದನ್ನೇ. ಮರಿ ಬಂದಾಗ ನಲವತ್ತು ಗ್ರಾಂ ಚಿಲ್ಲರೆ ಇರುತ್ತೆ, ಏಳನೇ ದಿನಕ್ಕೆ ಅದರ ನಾಲ್ಕೂವರೆ ಐದು ಪಟ್ಟು ಆಗಿರಬೇಕು. ಆ ವಾರ ತಪ್ಪಿದ್ರೆ ಉಳಿದ ಐದು ವಾರ ಏನೇ ಮಾಡಿದ್ರೂ ತುಂಬಿ ಬರಲ್ಲ. ಒಂದು ದಿನದ ಮರಿಗೆ ತನ್ನ ಮೈ ಬಿಸಿ ತಾನೇ ಇಟ್ಕೊಳ್ಳೋಕೆ ಬರಲ್ಲ, ಅದಕ್ಕೇ ಮರಿ ಇಳಿಸೋ ಮೊದಲೇ ಬ್ರೂಡರ್, ಅಂದ್ರೆ ಮರಿಗೆ ಕಾವು ಕೊಡೋ ಹೀಟರ್, ಹಚ್ಚಿ ನೆಲಕ್ಕೆ ಹಾಸಿದ ಹೊಟ್ಟೂ ಬೆಚ್ಚಗಾಗಿರಬೇಕು, ಗಾಳಿ 32-33 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸ್ತಾ ಹೋಗ್ಬೇಕು. ಥರ್ಮಾಮೀಟರ್ ಇರುತ್ತೆ ಸರಿ, ಆದ್ರೆ ಅನುಭವ ಇರೋರು ನೋಡೋದು ಮರೀನ. ಎಲ್ಲಾ ಬ್ರೂಡರ್ ಕೆಳಗೆ ಗುಂಪುಗಟ್ಟಿ ಚೀರಾಡ್ತಿದ್ರೆ ಚಳಿ, ಸುತ್ತ ಕಟ್ಟಿದ ತಡೆಗೆ (ಚಿಕ್ ಗಾರ್ಡ್) ಅಂಟ್ಕೊಂಡು ಬಾಯಿ ಬಿಡ್ತಿದ್ರೆ ಸೆಖೆ, ಎಲ್ಲಾ ಒಂದೇ ಕಡೆ ಸರಿದಿದ್ರೆ ಆ ಕಡೆಯಿಂದ ಎಲ್ಲೋ ತಣ್ಣನೆ ಗಾಳಿ ನುಗ್ತಿದೆ, ಹರಡ್ಕೊಂಡು ತಿಂದ್ಕೊಂಡು ಸಣ್ಣಗೆ ಚಿಂವ್ ಅಂತಿದ್ರೆ ಆಗ ಸಾಕೋನು ಹೋಗಿ ಸ್ವಲ್ಪ ಹೊತ್ತು ಮಲಗಬಹುದು.

ಒಬ್ಬ ಹಿರಿಯ ಸಾಕಣೆದಾರರು ನನ್ನ ಕೈಗೆ ಒಂದು ಮರಿ ಕೊಟ್ಟು ಅದರ ಪಾದಾನ ಕೆನ್ನೆಗೆ ಒತ್ತಿ ನೋಡಿ ಅಂದ್ರು. ತಣ್ಣಗಿದ್ರೆ ನೆಲ ತಣ್ಣಗಿದೆ ಅಂತ ಅರ್ಥ, ಯಾವ ಮೀಟರ್ ಏನೇ ಹೇಳಲಿ. ಆಮೇಲೆ ಕತ್ತಿನ ಕೆಳಗಿನ ಮೇವಿನ ಚೀಲಾನ ಬೆರಳಲ್ಲಿ ಮುಟ್ಟಿಸಿದ್ರು, ತುಂಬಿ ಮೆತ್ತಗಿದ್ರೆ ಮೇವೂ ನೀರೂ ಎರಡೂ ಸಿಕ್ಕಿದೆ, ಗಟ್ಟಿ ಇದ್ರೆ ನೀರು ಸಿಕ್ಕಿಲ್ಲ, ಖಾಲಿ ಇದ್ರೆ ಮರಿಗೆ ದಾರೀನೇ ಗೊತ್ತಾಗಿಲ್ಲ. ಅವತ್ತು ರಾತ್ರಿ ಅವರು ಹೀಗೆ ಒಂದೊಂದೇ ಹಿಡಿದು ನೋಡ್ತಾ ಮೊಣಕಾಲ ಮೇಲೆ ಸರೀತಾ ಹೋದ್ರು. ಮೇಡಂ, ಆ ಮನುಷ್ಯನ್ನ ನೋಡಿ "ಇವನು ಇಂಜೆಕ್ಷನ್ ಚುಚ್ಚಿ ಬೆಳೆಸ್ತಾನೆ" ಅಂತ ಯಾರಾದ್ರೂ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ. ಅವರ ದುಡಿಮೇನ ಇಲ್ಲದ ಒಂದು ಬಾಟಲಿ ಹೆಸರಿಗೆ ಬರೆದುಕೊಟ್ಟ ಹಾಗಾಗುತ್ತೆ.

ಈಗ ನಿಮ್ಮ ಕಡೆ ಮಾತು. ಈ ಕೋಳಿ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಇವೆ, ಭಾರೀನೇ ಇವೆ, ಹಾರ್ಮೋನ್ ಕಥೆ ಮೇಲೆ ನನಗೆ ಇಷ್ಟು ಕೋಪ ಯಾಕಂದ್ರೆ ಅದು ಆ ಪ್ರಶ್ನೆಗಳನ್ನ ಮುಚ್ಚಿಹಾಕುತ್ತೆ. ವೇಗಕ್ಕೆ ಬೆಲೆ ಇದೆ, ಮೈ ಬೆಳೆದಷ್ಟು ಬೇಗ ಮೂಳೆ, ಹೃದಯ, ಶ್ವಾಸಕೋಶ ಗಟ್ಟಿಯಾಗಲ್ಲ, ಕಾಲು ಸೋತು ಕೂರೋ ಕೋಳಿ, ಹೊಟ್ಟೇಲಿ ನೀರು ತುಂಬೋ ಕೋಳಿ, ಚೆನ್ನಾಗೇ ಇದ್ದು ಮಲ್ಕೊಂಡಲ್ಲೇ ಸಾಯೋ ಕೋಳಿ, ಇದೆಲ್ಲಾ ಸಾಕೋರಿಗೆ ಗೊತ್ತು. ಈ ಮರಿಗಳ ತಂದೆ ತಾಯಿ ಕೋಳಿಗಳ ಪಾಡು ಇನ್ನೂ ಕಷ್ಟ, ಹೊಟ್ಟೆ ತುಂಬಾ ತಿಂದ್ರೆ ಕೊಬ್ಬಿ ಮೊಟ್ಟೆ ಇಡೋದೇ ನಿಂತುಹೋಗುತ್ತೆ ಅಂತ ಅವಕ್ಕೆ ಅಳೆದು ಅರೆಹೊಟ್ಟೆ ಹಾಕ್ತಾರೆ. ಇದರ ಬಗ್ಗೆ ಒಂದೇ ಒಂದು ಫಾರ್ವರ್ಡ್ ನೋಡಿದೀರಾ?

ಇನ್ನು ಆಂಟಿಬಯೋಟಿಕ್. ಇದು ನಿಜವಾದ ಕೂಗು ಹಾಕಬೇಕಾದ ಜಾಗ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಔರಿಯೊಮೈಸಿನ್ ಅನ್ನೋ ಆಂಟಿಬಯೋಟಿಕ್ ತಯಾರಿಸಿ ಉಳಿದ ಚರಟಾನ ಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದ್ವು, ಅಲ್ಲಿಂದ ರೋಗ ಇರಲಿ ಬಿಡಲಿ ಮೇವಲ್ಲಿ ಚೂರು ಚೂರು ಆಂಟಿಬಯೋಟಿಕ್ ಹಾಕೋ ಅಭ್ಯಾಸ ಬಂತು. ಕಮ್ಮಿ ಡೋಸಲ್ಲಿ ಔಷಧಿ ಕೊಟ್ರೆ ರೋಗಾಣು ಸಾಯೋ ಬದಲು ಅದಕ್ಕೆ ಒಗ್ಗಿಕೊಳ್ಳುತ್ತೆ ಅಂತ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಸ್ವೀಡನ್ 1986ರಲ್ಲಿ, ಯುರೋಪಿಯನ್ ಯೂನಿಯನ್ 2006ರಲ್ಲಿ ಬೆಳವಣಿಗೆಗೆ ಅಂತ ಕೊಡೋದನ್ನ ನಿಲ್ಲಿಸಿದ್ವು. ಕೊಲಿಸ್ಟಿನ್ ಅಂತ ಒಂದಿದೆ, ಆಸ್ಪತ್ರೇಲಿ ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಡಾಕ್ಟರ್‌ಗಳು ತೆಗೆಯೋ ಕೊನೇ ಔಷಧಿ, ಅದನ್ನೂ ಮೇವಿಗೆ ಹಾಕ್ತಿದ್ರು. ಭಾರತ ಅದನ್ನ 2019ರಲ್ಲಿ ನಿಷೇಧಿಸ್ತು. ಜನ ಕೇಳಬೇಕಾಗಿದ್ದು ಇದು, ಮೇವಲ್ಲಿ ಏನಿದೆ, ಔಷಧಿ ಕೊಟ್ಟ ಮೇಲೆ ಕೋಳಿ ಕಳಿಸೋ ಮುಂಚೆ ಬಿಡಬೇಕಾದ ದಿನ ಬಿಟ್ರಾ ಅಂತ. ಅದನ್ನ ಕೇಳೋ ಬದಲು ಇಲ್ಲದ ಹಾರ್ಮೋನ್ ಹಿಡ್ಕೊಂಡು ಕೂತ್ರೆ ಉತ್ತರ ಕೊಡಬೇಕಾದೋರು "ನಮ್ಮಲ್ಲಿ ಹಾರ್ಮೋನ್ ಇಲ್ಲ" ಅಂತ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ ಆರಾಮಾಗಿ ಇರ್ತಾರೆ. ನಿಜಾನೇ ಹೇಳಿದಾರೆ, ತಪ್ಪು ಹಿಡಿಯೋ ಹಾಗಿಲ್ಲ.

ಮತ್ತೆ ಬೈಗುಳ ಯಾರಿಗೆ ಬೀಳುತ್ತೆ? ಶೆಡ್ ಇಟ್ಟೋನಿಗೆ. ಒಪ್ಪಂದದ ಸಾಕಣೆಯಲ್ಲಿ ಮರಿ ಕಂಪನೀದು, ಮೇವು ಕಂಪನೀದು, ಔಷಧಿ ಕಂಪನೀದು, ಕೋಳಿ ಯಾವತ್ತು ಎತ್ತಬೇಕು ಅನ್ನೋ ತೀರ್ಮಾನಾನೂ ಕಂಪನೀದು. ಶೆಡ್ಡು, ಕರೆಂಟು, ನೀರು, ಕೂಲಿ, ನಿದ್ದೆ, ಬ್ಯಾಂಕ್ ಸಾಲ ಇವು ರೈತಂದು. ಮೇವಿನ ಚೀಲದೊಳಗೆ ಏನಿದೆ ಅಂತ ಅವನಿಗೇ ಗೊತ್ತಿರಲ್ಲ. ನಮ್ಮಲ್ಲಿ ಯಾವ ಆಹಾರದ ಗಲಾಟೆ ಎದ್ರೂ ಕೊನೇಗೆ ಬೆಳೆಯೋನ ತಲೆಗೇ ಬಂದು ಕೂರುತ್ತೆ, ಬೇಗ ಬೇಕು ಅಗ್ಗಕ್ಕೆ ಬೇಕು ಅಂದೋರನ್ನ ಯಾರೂ ಏನೂ ಕೇಳಲ್ಲ. ಹಾಲಲ್ಲೂ ಇದೇ, ತರಕಾರಿಯಲ್ಲೂ ಇದೇ. ಟೀವಿಯೋರು ಕ್ಯಾಮೆರಾ ತಗೊಂಡು ಹೋಗೋದು ಯಾವಾಗಲೂ ಗೇಟಿಲ್ಲದ ಜಾಗಕ್ಕೆ, ಅಂದ್ರೆ ರೈತನ ಶೆಡ್ಡಿಗೆ. ಮೇವಿನ ಮಿಲ್ಲಿನ ಬಾಗಿಲಿಗೆ ಹೋಗಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬರ್ತೀನಿ. ಬ್ರಾಯ್ಲರ್ ಶೆಡ್ ಹಾಕಿದ ಮೇಲೆ ಅದೇ ಜಾಗದಲ್ಲಿ ನಾಟಿ ಕೋಳೀನೂ ಸಾಕಬೇಡಿ, ಎರಡನ್ನೂ ಒಟ್ಟಿಗೆ ಸಾಕಿದ್ರೆ ಅಪಾಯ, ಹೊರಗೆ ಓಡಾಡೋ ಕೋಳಿಯಿಂದ ಕೊಕ್ಕರೆ ರೋಗ ಚಪ್ಪಲಿಯಲ್ಲಿ ಬಂದ್ರೂ ಸಾಕು, ಶೆಡ್ಡೇ ಖಾಲಿಯಾಗುತ್ತೆ. ನೀವು ಹೋದಾಗಲೂ ಚಪ್ಪಲಿ ಬದಲಾಯಿಸಿ ಬಾಗಿಲ ಹತ್ತಿರದ ಔಷಧಿ ನೀರಲ್ಲಿ ಕಾಲಿಟ್ಟು ಒಳಗೆ ಹೋಗಿ. ಹೋಗಲೇಬೇಕು ನೀವು, ಅದಕ್ಕೊಂದು ಕಾರಣಾನೂ ಇದೆ. ದಿನಾ ಒಳಗಿರೋನಿಗೆ ಅಮೋನಿಯಾ ವಾಸನೆ ಅಭ್ಯಾಸ ಆಗಿ ಗೊತ್ತೇ ಆಗಲ್ಲ, ಹೊರಗಿಂದ ಬಂದೋರಿಗೆ ಕಾಲಿಟ್ಟ ತಕ್ಷಣ ಮೂಗಿಗೆ ಹೊಡೆಯುತ್ತೆ. ಕಣ್ಣು ಉರಿದ್ರೆ ಹೇಳಿ, ಪರದೆ ಇಳಿಸಿ ಗಾಳಿ ಬಿಡಿಸಿ, ಹೊಟ್ಟು ಕೆದರಿಸಿ. ಒಂದು ಹಿಡಿ ಹೊಟ್ಟು ತಗೊಂಡು ಮುಷ್ಟಿ ಕಟ್ಟಿ ಬಿಡಿ, ಉಂಡೆ ಹಾಗೇ ನಿಂತ್ರೆ ಒದ್ದೆ ಜಾಸ್ತಿ, ಕುಡಿಯೋ ನೀರಿನ ನಿಪ್ಪಲ್ ಎಲ್ಲೋ ಸೋರ್ತಿದೆ, ಆ ಒದ್ದೆಯಲ್ಲೇ ನಿಂತು ಕೋಳಿ ಪಾದ ಹುಣ್ಣಾಗುತ್ತೆ.

ಲೇಖನಮಾಲೆ ನಿಲ್ಲಿಸಲ್ಲ. ಮುಂದಿನ ಕಂತು ಒಪ್ಪಂದ ಪತ್ರದ ಬಗ್ಗೆನೇ ಇದೆ. ತಮ್ಮ ಸಹಿ ಹಾಕೋಕೆ ಮುಂಚೆ ಇಷ್ಟು ಕೇಳಲಿ: ಮರಿ ಬಂದ ದಿನಾನೇ ಸತ್ತಿದ್ರೆ ಅದು ಯಾರ ಲೆಕ್ಕಕ್ಕೆ, ಮೇವಿನ ಚೀಲ ಅವನ ಮುಂದೆ ತೂಗ್ತಾರಾ, ಮೇವಲ್ಲಿ ಯಾವ ಔಷಧಿ ಇದೆ ಅಂತ ಬರೆದುಕೊಡ್ತಾರಾ, ಕೋಳಿ ಎತ್ತೋದು ತಡ ಆದ್ರೆ ಆ ದಿನಗಳ ಮೇವಿನ ಲೆಕ್ಕ ಯಾರದು, ಬ್ಯಾಚ್ ಮುಗಿದು ಎಷ್ಟು ದಿನಕ್ಕೆ ದುಡ್ಡು, ಮುಂದಿನ ಮರಿ ಎಷ್ಟು ದಿನಕ್ಕೆ. ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲೇ ಇರಲಿ. ಒಪ್ಪಂದ ಪತ್ರದ ಪ್ರತಿ ನಮಗೆ ಕಳಿಸಿದ್ರೆ ಹೆಸರು, ಊರು ಎಲ್ಲಾ ತೆಗೆದು ತಿಳಿದೋರ ಹತ್ರ ಓದಿಸಿ, ಯಾವ ಷರತ್ತು ನಿಮ್ಮ ತಮ್ಮನಿಗೆ ಹೊರೆ ಅಂತ ಗುರುತು ಹಾಕಿ ವಾಪಸ್ ಕಳಿಸ್ತೀವಿ.