ಫಾರ್ವರ್ಡ್ ಆಗುತ್ತ ಹೋದಂತೆ ಆರೋಗ್ಯ ಸಲಹೆ ಕಳೆದುಕೊಳ್ಳುವುದೇನು

ಸಾಂಕ್ರಾಮಿಕ ರೋಗ ಹರಡಿರುವಾಗ ಮೊಬೈಲಿಗೆ ರಾಶಿ ರಾಶಿ ಸಲಹೆ ಬಂದು ಬೀಳುತ್ತದೆ, ಯಾವುದನ್ನು ನಂಬಬೇಕು, ಮನೆಯವರ ಗ್ರೂಪಿಗೆ ಯಾವುದನ್ನು ಕಳಿಸಬಹುದು ಎಂದು ನೀವು ಕೇಳಿದ್ದೀರಿ.

ಸುಳ್ಳನ್ನು ಗುರುತಿಸುವುದು ಹೇಗೆ ಎಂಬಲ್ಲಿಂದ ನಾನು ಶುರು ಮಾಡುವುದಿಲ್ಲ. ಹಸಿ ಸುಳ್ಳನ್ನು ಬಹಳ ಜನ ಹೇಗೋ ಪತ್ತೆ ಹಚ್ಚುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮೂಲದಲ್ಲಿ ಸರಿಯಾಗಿಯೇ ಇದ್ದ ಮಾತು. ಕೈಯಿಂದ ಕೈಗೆ ದಾಟುವಾಗ ಅದು ಮೂರನ್ನು ಕಳೆದುಕೊಳ್ಳುತ್ತದೆ: ಹೇಳಿದ ತಾರೀಖು, ಅಳತೆ, ಯಾರಿಗೆ ಮತ್ತು ಯಾವುದಕ್ಕೆ ಹೇಳಿದ್ದು ಎಂಬುದು.

ವಾಂತಿಭೇದಿ ಹರಡಿದಾಗ ಓಡಾಡುವ ಸಕ್ಕರೆ-ಉಪ್ಪಿನ ನೀರಿನ ಸಂದೇಶವನ್ನೇ ನೋಡಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಮಾಡಿಕೊಳ್ಳುವ ಸರಿಯಾದ ಅಳತೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಿರಬಾರದು, ಮಟ್ಟಸವಾಗಿರಬೇಕು. ಮೂರು ಜನರ ಕೈ ದಾಟುವಷ್ಟರಲ್ಲಿ ‘ಮಟ್ಟಸ’ ಬಿದ್ದುಹೋಗುತ್ತದೆ, ‘ಟೀ ಚಮಚ’ ಬರೀ ‘ಚಮಚ’ವಾಗುತ್ತದೆ, ‘ಲೀಟರ್’ ಹೋಗಿ ‘ಲೋಟ’ ಬರುತ್ತದೆ. 200 ಮಿಲಿಲೀಟರ್ ಲೋಟಕ್ಕೆ ಅದೇ ಅರ್ಧ ಚಮಚ ಉಪ್ಪು ಹಾಕಿದರೆ ಉಪ್ಪಿನಂಶ ಐದು ಪಟ್ಟು. ನೀರಿನಂಶ ಕಳೆದುಕೊಂಡ ಪುಟ್ಟ ಮಗುವಿಗೆ ಅದನ್ನು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಸಕ್ಕರೆ ಅತಿಯಾದರೆ ಅದು ಕರುಳಿನೊಳಕ್ಕೆ ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಕಳಿಸಿದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಬ್ಲೀಚ್ ವಿಷಯವೂ ಹೀಗೆಯೇ. ಕೋವಿಡ್ ಕಾಲದಲ್ಲಿ ನೆಲ, ಮೇಜು ಒರೆಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚಿನಲ್ಲಿ ಕೆಲಸ ಮಾಡುವ ರಾಸಾಯನಿಕ) ಶೇ 0.1 ಇರುವ ದ್ರಾವಣ. ರಕ್ತ ಮುಂತಾದ ದೇಹದ್ರವ ಚೆಲ್ಲಿದ ಜಾಗಕ್ಕೆ ಶೇ 0.5. ಬಾಟಲಿಯಲ್ಲಿ ಶೇ 5 ಇದ್ದರೆ ಮೊದಲನೆಯದಕ್ಕೆ 1 ಭಾಗ ಬ್ಲೀಚಿಗೆ 49 ಭಾಗ ನೀರು, ಎರಡನೆಯದಕ್ಕೆ 9 ಭಾಗ ನೀರು. ಬಾಟಲಿಯ ಪ್ರಮಾಣ ಬೇರೆಯಾದರೆ ಲೆಕ್ಕವೂ ಬೇರೆ. ಹಾಗಾಗಿ ‘ಒಂದು ಮುಚ್ಚಳ ಬ್ಲೀಚ್ ಹಾಕಿ’ ಎನ್ನುವ ಸಂದೇಶಕ್ಕೆ ಅರ್ಥವೇ ಇಲ್ಲ. ಅದರಲ್ಲಿ ಬಿಟ್ಟುಹೋಗುವ ಮಾತುಗಳು ಇನ್ನೂ ಇವೆ: ಮೊದಲು ಸೋಪು ನೀರಿನಲ್ಲಿ ಕೊಳೆ ತೆಗೆಯಬೇಕು, ಇಲ್ಲದಿದ್ದರೆ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ದ್ರಾವಣವನ್ನು ದಿನಾ ಹೊಸದಾಗಿ ಮಾಡಬೇಕು. ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೈಗೆ ಸಿಂಪಡಿಸಲೇಬಾರದು.

‘ಯಾವುದಕ್ಕೆ’ ಎಂಬುದು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ 2020ರ ಇರಾನ್ ಸಾಕ್ಷಿ. ಆಲ್ಕೋಹಾಲ್ ವೈರಸ್ಸನ್ನು ಕೊಲ್ಲುತ್ತದೆ ಎಂಬುದು ಕೈಗೆ ಹಚ್ಚುವ ಸ್ಯಾನಿಟೈಸರ್ ಬಗ್ಗೆ ನಿಜವಾದ ಮಾತು. ಕುಡಿದರೂ ರಕ್ಷಣೆ ಸಿಗುತ್ತದೆ ಎಂಬ ವದಂತಿ ಅಲ್ಲಿ ಹರಡಿತು. ವಿಷಕಾರಿ ಮೆಥನಾಲ್ ಬೆರೆತದ್ದನ್ನು ಕುಡಿದು ನೂರಾರು ಜನ ಸತ್ತರು.

ಇನ್ನು ತಾರೀಖು. ಸಾರ್ವಜನಿಕರೆಲ್ಲ ಮಾಸ್ಕ್ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲ ತಿಂಗಳುಗಳಲ್ಲಿ ಹೇಳಿರಲಿಲ್ಲ. 2020ರ ಜೂನ್ 5ರಂದು, ಸೋಂಕು ಹರಡಿರುವ ಕಡೆ ಅಂತರ ಕಾಯ್ದುಕೊಳ್ಳಲಾಗದ ಜಾಗಗಳಲ್ಲಿ ಮಾಸ್ಕ್ ಬೇಕು ಎಂದು ಸಲಹೆ ಬದಲಿಸಿತು. ಹಳೆಯ ಮತ್ತು ಹೊಸ ಸಲಹೆಯ ಎರಡೂ ಸ್ಕ್ರೀನ್‌ಶಾಟ್‌ಗಳು ಅಸಲಿಯೇ. ತಾರೀಖಿಲ್ಲದೆ ಒಟ್ಟಿಗೆ ಕಂಡವರಿಗೆ ಮಾತ್ರ ‘ಇವರಿಗೇ ಗೊತ್ತಿಲ್ಲ’ ಅನಿಸಿತು. ಹೊಸ ರೋಗದಲ್ಲಿ ಸಲಹೆ ಬದಲಾಗುವುದು ಸಹಜ, ಆದ್ದರಿಂದ ಸ್ಕ್ರೀನ್‌ಶಾಟ್ ನಂಬಬೇಡಿ. ಮೂಲ ಪುಟ ತೆರೆದು ಕೊನೆಯ ಬಾರಿ ಪರಿಷ್ಕರಿಸಿದ ದಿನ ನೋಡಿ.

ಹುಡುಕುವ ರೀತಿಯಲ್ಲೂ ಒಂದು ಬಲೆ ಇದೆ. ‘ಬಿಸಿನೀರು ಕುಡಿದರೆ ವೈರಸ್ ಸಾಯುತ್ತದೆ’ ಎಂದು ಟೈಪ್ ಮಾಡಿದರೆ ಅದೇ ಪದಗಳಿರುವ ಪುಟಗಳೇ ಮೇಲೆ ಬರುತ್ತವೆ, ಅಂದರೆ ಅದನ್ನು ಮೊದಲೇ ನಂಬಿದವರ ಪುಟಗಳು. ರೋಗ ಹೊಸದಾಗಿದ್ದಾಗ ಮೊದಲ ಕೆಲವು ವಾರ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಆ ವಿಷಯದಲ್ಲಿ ಗಟ್ಟಿ ಮಾಹಿತಿ ಇನ್ನೂ ಬರೆದೇ ಇರುವುದಿಲ್ಲ, ಖಾಲಿ ಜಾಗವನ್ನು ಬೇಗ ಬರೆದವರು ತುಂಬುತ್ತಾರೆ. ಆದ್ದರಿಂದ ನಿಮ್ಮ ಊಹೆಯನ್ನು ಹುಡುಕಬೇಡಿ. ರೋಗದ ಹೆಸರಿನ ಜೊತೆ ‘ಹರಡುವ ರೀತಿ’, ‘ಅಪಾಯದ ಲಕ್ಷಣಗಳು’ ಎಂದು ಹುಡುಕಿ, ಅದೂ ಸಾಧ್ಯವಾದಷ್ಟು ಆರೋಗ್ಯ ಇಲಾಖೆಯ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ತಾಣದೊಳಗೇ.

ಗೊತ್ತಿಲ್ಲದ ತಾಣ ಸಿಕ್ಕಿದರೆ ಅದರಲ್ಲೇ ಮೇಲೆ ಕೆಳಗೆ ಓದುತ್ತ ಕೂರಬೇಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ತೋರಿಸಿಕೊಟ್ಟಂತೆ, ಇತಿಹಾಸದ ಪ್ರಾಧ್ಯಾಪಕರು ಪುಟದ ಅಂದಕ್ಕೆ, ಲೋಗೋಗೆ ಮೋಸಹೋದ ಕಡೆ ವೃತ್ತಿಪರ ಸತ್ಯಶೋಧಕರು ತಕ್ಷಣ ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಒಂದೆರಡು ನಿಮಿಷದ ಕೆಲಸ ಅಷ್ಟೆ.

‘ಸಂಶೋಧನೆಯೇ ಹೇಳಿದೆ’ ಎಂಬ ಮಾತಿಗೂ ತಡೆ ಬೇಕು. ಪ್ರಿಪ್ರಿಂಟ್ ಎಂದರೆ ಬೇರೆ ತಜ್ಞರು ಇನ್ನೂ ಪರಿಶೀಲಿಸದ ಕರಡು. ಹೊಸ ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯ ತುಣುಕುಗಳಿವೆ ಎಂದು ಸೂಚಿಸಿದ್ದ ಪ್ರಿಪ್ರಿಂಟ್ 2020ರ ಜನವರಿ ಕೊನೆಗೆ ಬಂದು ಕೆಲವೇ ದಿನಗಳಲ್ಲಿ ವಾಪಸಾಯಿತು, ವದಂತಿ ವಾಪಸಾಗಲಿಲ್ಲ. ಪರಿಶೀಲನೆಯಾದದ್ದೂ ಎಡವಬಹುದು: ಕೋವಿಡ್‌ಗೂ ಕೊಟ್ಟು ನೋಡಿದ ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ 2020ರ ಮೇ 22ರಂದು ಪ್ರಕಟವಾದ ಲೇಖನವನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಜೂನ್ 4ಕ್ಕೆ ಹಿಂಪಡೆಯಿತು. ಒಂಟಿ ಲೇಖನ ನೋಡಿ ಮನೆಯವರು ಔಷಧಿ ಶುರು ಮಾಡುವುದು, ನಿಲ್ಲಿಸುವುದು ಬೇಡ.

ಮನೆಯಲ್ಲೇ ಮಾಡಿಕೊಳ್ಳುವ ‘ಪರೀಕ್ಷೆ’ಗಳನ್ನು ನಾನು ಎಲ್ಲಕ್ಕಿಂತ ಮೊದಲು ಅನುಮಾನಿಸುತ್ತೇನೆ. 10 ಸೆಕೆಂಡ್ ಉಸಿರು ಹಿಡಿದರೆ ಸೋಂಕಿಲ್ಲ ಎಂಬುದು 2020ರಲ್ಲಿ ಎಲ್ಲೆಡೆ ತಿರುಗಿತು. ಸೋಂಕು ತಗುಲಿದ ಯುವಕರು ಆರಾಮವಾಗಿ ಹಿಡಿಯುತ್ತಾರೆ, ಸೋಂಕಿಲ್ಲದ ಅಸ್ತಮಾ ರೋಗಿಗೆ ಆಗದೇ ಇರಬಹುದು. ‘ನನಗೇನೂ ಇಲ್ಲ’ ಎಂದು ಹೊರಗೆ ಹೋದವರಿಂದಲೇ ಹಾನಿ.

ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಮೂಲದಿಂದ ಕನಿಷ್ಠ ಐದು ಕೈ ದಾಟಿದೆ ಎಂದರ್ಥ. ಆದರೆ ಬಾಣವಿಲ್ಲ ಎಂದರೆ ಅದು ಕಳಿಸಿದವರದೇ ಮಾತು ಎಂದಲ್ಲ. ಕಾಪಿ ಮಾಡಿ ಅಂಟಿಸಿದರೆ ಗುರುತು ಮಾಯವಾಗುತ್ತದೆ. ಬರಹವಾದರೆ ಅದರಲ್ಲಿರುವ ವಿಚಿತ್ರವಾದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಚಿತ್ರವಾದರೆ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್ ಬಳಸಿ. ವಿಡಿಯೊದಲ್ಲಿ ಮುಖ ಅಥವಾ ಕಟ್ಟಡ ಸ್ಪಷ್ಟವಾಗಿರುವ ಜಾಗದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹುಡುಕಿ. ಧ್ವನಿ ಸಂದೇಶವನ್ನು ಹೀಗೆ ಹುಡುಕಲಾಗದು. ಮಾತಾಡಿದವರು ಯಾರೆಂದು ನಿಮಗೇ ಗೊತ್ತಿಲ್ಲದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ.

ನೀವೇ ಕಳಿಸುವಾಗ ಫಾರ್ವರ್ಡ್ ಒತ್ತದೆ ಐದು ಸಾಲು ಬರೆಯಿರಿ. ಮೊದಲ ಸಾಲಲ್ಲೇ ತಾರೀಖು. ನಂತರ ಯಾರಿಗೆ ಅನ್ವಯ: ದೊಡ್ಡವರಿಗೋ, ಮಕ್ಕಳಿಗೋ, ಗರ್ಭಿಣಿಯರಿಗೋ. ಅಳತೆಯನ್ನು ಅಂಕಿಯಲ್ಲಿ, ಮಾನದ ಸಮೇತ. ಏನು ಮಾಡಬಾರದು ಎಂಬ ಒಂದು ಸಾಲು. ಮೂಲದ ಕೊಂಡಿ. ಆಸ್ಪತ್ರೆ ಹಾಸಿಗೆ, ಆಮ್ಲಜನಕ, ರಕ್ತದ ಪಟ್ಟಿಯಾದರೆ ಕರೆ ಮಾಡಿ ಖಚಿತಪಡಿಸಿಕೊಂಡ ಗಂಟೆಯನ್ನೂ ಬರೆಯಿರಿ, ಅಗತ್ಯ ಮುಗಿದ ಮೇಲೆ ‘ಮುಗಿದಿದೆ’ ಎಂದು ಹಾಕಿ. ಹಾಕದಿದ್ದರೆ ಆ ನಂಬರಿಗೆ ವಾರಗಟ್ಟಲೆ ಕರೆ ಬರುತ್ತಲೇ ಇರುತ್ತದೆ. ರೋಗಿಯ ವರದಿ, ಹೆಸರು, ವಿಳಾಸ ಗ್ರೂಪಿಗೆ ಬೇಡ. ಬಹಿಷ್ಕಾರದ ಹೆದರಿಕೆ ಹುಟ್ಟಿದರೆ ಜನ ಲಕ್ಷಣ ಮುಚ್ಚಿಡುತ್ತಾರೆ, ರೋಗ ಇನ್ನಷ್ಟು ಹರಡುತ್ತದೆ.

ಹಿರಿಯರು ತಪ್ಪು ಕಳಿಸಿದರೆ ಗ್ರೂಪಿನಲ್ಲೇ ಮುಖಕ್ಕೆ ಹೊಡೆದಂತೆ ಹೇಳಬೇಡಿ, ಅವರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ. ಗ್ರೂಪಿಗೆ ಬರೆಯುವಾಗ ಮೊದಲು ನಿಜ ಹೇಳಿ, ಆಮೇಲೆ ತಪ್ಪನ್ನು ಒಂದೇ ಸಲ ಹೆಸರಿಸಿ, ಅದು ಏಕೆ ತಪ್ಪು ಎಂದು ವಿವರಿಸಿ, ಮತ್ತೆ ನಿಜಕ್ಕೆ ಬನ್ನಿ. ಸುಳ್ಳು ಚಿತ್ರಕ್ಕೆ ಅಡ್ಡಗೆರೆ ಹಾಕಿ ಕಳಿಸುವುದೂ ಬೇಡ, ಗೆರೆಯನ್ನು ಕತ್ತರಿಸಿ ಚಿತ್ರ ಮತ್ತೆ ಹೊರಡುತ್ತದೆ. ನೀವೇ ತಪ್ಪಿದ್ದರೆ ಅಳಿಸಿ ಸುಮ್ಮನಾಗಬೇಡಿ. ಮುಂದೆ ಹೋದ ಪ್ರತಿಗಳು ಅಳಿಯುವುದಿಲ್ಲ, ಹಾಗಾಗಿ ತಿದ್ದುಪಡಿಯನ್ನು ಅದೇ ಗ್ರೂಪಿಗೆ ಹಾಕಿ.

ಇಷ್ಟೆಲ್ಲ ಹುಡುಕಾಟ ಸಮಯವಿದ್ದಾಗ. ಉಸಿರಾಡಲು ಕಷ್ಟ, ತುಟಿ ನೀಲಿಗಟ್ಟುವುದು, ಗೊಂದಲ ಅಥವಾ ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕುಡಿದದ್ದೆಲ್ಲ ವಾಂತಿಯಾಗುವುದು, ಮೂತ್ರ ನಿಂತುಹೋಗುವುದು: ಇವುಗಳಲ್ಲಿ ಒಂದು ಕಂಡರೂ ಮೊಬೈಲ್ ತೆರೆಯುವುದು ಆಂಬ್ಯುಲೆನ್ಸಿಗೆ ಕರೆ ಮಾಡಲು ಮಾತ್ರ.